ಬೂದಿ ಡಬ್ಬದ ಸುಳ್ಳು ಗೋಡೆ

“ಮುಟ್ಬೋದಾ ಮೇಡಮ್ಮೋರೆ?”

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಆ ಕೋಟನ್ನು ಮಲಗಿಸಿದ್ದರು. ಅದರ ಕಂದು ಬಣ್ಣ ಎಂದೋ ಹೋಗಿ ಸಿಮೆಂಟಿನ ಬಣ್ಣ ಬಂದಿತ್ತು. ಎಡತೋಳು ಮೊಣಕೈವರೆಗೆ ಹುಡಿಯಾಗಿತ್ತು.

“ಮುಟ್ಟಿ. ಎತ್ತಬೇಡಿ,” ಎಂದಳು ಸಬ್ ಇನ್ಸ್‌ಪೆಕ್ಟರ್ ಶಶಿರೇಖಾ.

ಸುಂದ್ರಮ್ಮನ ಬೆರಳು ಕೋಟಿನ ಮುಂಬದಿಯಲ್ಲಿ ಒಂದೊಂದೇ ಗುಂಡಿಯನ್ನು ಸವರುತ್ತ ಇಳಿಯಿತು. ಗುಂಡ್ಲುಪೇಟೆಯ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಮಾಡುವ ಹೆಂಗಸು. ಉಗುರುಗಳು ಅರಿಸಿನಕ್ಕೆ ಹಳದಿಗಟ್ಟಿದ್ದವು. ಕೊನೆಯ ಗುಂಡಿಯ ಮೇಲೆ ಬೆರಳು ನಿಂತಿತು.

“ಮಿಕ್ಕವೆಲ್ಲ ಕಂದು. ಇದೊಂದು ಕರೀದು. ನಾನೇ ಆಕಿದ್ದು. ಮದ್ರಾಸ್ನಲ್ಲಿ ಒಲ್ಸಿದ ಕೋಟು ಅಂತ ಬೀಗೋರು. ಗುಂಡಿ ಕಿತ್ತೋದಾಗ ಅಂಥದ್ದು ಎಲ್ಲೂ ಸಿಗ್ನಿಲ್ಲ. ಸಂತೆಮರಹಳ್ಳಿ ಸಂತೇಲಿ ಈ ಕರೀದು ಸಿಕ್ತು. ‘ಏನೇ ಸುಂದ್ರಿ, ದೃಷ್ಟಿಬೊಟ್ಟು ಇಟ್ಟಂಗೆ ಇಟ್ಬುಟ್ಟೆ’ ಅಂದಿದ್ರು.”

“ಹಾಗಾದ್ರೆ ಇದು ನಿಮ್ಮ ಯಜಮಾನರದ್ದೇ.”

“ಅವ್ರದ್ದೇ.”

ವಾರದ ಹಿಂದೆ ಚಾಮರಾಜನಗರದ ‘ವಾರ್ತಾ ಭವನ’ದ ಮೆಟ್ಟಿಲ ಕೆಳಗಿನ ಗೋಡೆ ಕೆಡವುವಾಗ ಸಿಕ್ಕ ಮೂಳೆಗಳು ಪರೀಕ್ಷೆಗೆ ಮೈಸೂರಿಗೆ ಹೋಗಿದ್ದವು. ಮೂಳೆಗಳ ಮೇಲಿದ್ದ ಈ ಕೋಟು ಇಲ್ಲೇ ಉಳಿದಿತ್ತು.

ಸುಂದ್ರಮ್ಮ ಅಳಲಿಲ್ಲ. ತಲೆಯೆತ್ತಿ ಸುತ್ತ ನೋಡಿದಳು. ಬಣ್ಣ ಕಾಣದ ಸಿಮೆಂಟ್ ಗೋಡೆಗಳು, ನೀರು ಸೋರಿ ಕಪ್ಪಾದ ಸೂರು, ಇಟ್ಟಿಗೆಯಿಂದ ಮುಚ್ಚಿಬಿಟ್ಟಿದ್ದ ದೊಡ್ಡ ಕಿಟಕಿ.

“ಇದೇಯಾ ಅವ್ರು ಕಟ್ಸಿದ್ದು?”

“ನೀವು ಒಳಗೆ ಬಂದಿರಲೇ ಇಲ್ವಾ?”

“ಅವ್ರು ಓದ ಮ್ಯಾಲೆ ಬಸ್ಸಲ್ಲಿ ಈ ದಾರೀಲಿ ಬಂದ್ರೆ ಮೊಕ ಆ ಕಡೀಕ್ ತಿರುಗಿಸ್ಕತಿದ್ದೆ.” ಅವಳು ಮೆಲ್ಲಗೆ ಕೇಳಿದಳು. “ಚೆಂದಾಗಿಲ್ಲ ಅಲ್ವ?”

ಶಶಿರೇಖಾ ಮುಚ್ಚಿದ ಕಿಟಕಿಯ ಕಡೆ ನೋಡಿದಳು. ಚೆಂದಾಗಿರಲಿಲ್ಲ.

* * *

ರೈಲ್ವೆ ಸ್ಟೇಷನ್ನಿನ ದಾರಿಯ ಆ ಜಾಗದಲ್ಲಿ ಮೊದಲು ಒಂದು ಛತ್ರವಿತ್ತು. ಕೋರ್ಟು ಕೆಲಸಕ್ಕೆ ಬಂದು ರೈಲು ತಪ್ಪಿಸಿಕೊಂಡವರು, ದನ ಮಾರಲು ಹೊರಟವರು ಅದರ ಜಗಲಿಯಲ್ಲಿ ಮಲಗಿ ಏಳುತ್ತಿದ್ದರು. ಹಿತ್ತಲಲ್ಲಿ ಸಿಹಿನೀರಿನ ಬಾವಿ, ಮುಂದೆ ಬೇವಿನ ಮರ.

ಎಪ್ಪತ್ತೊಂದರಲ್ಲಿ ಶಿವಮಲ್ಲಪ್ಪನವರು ಅದನ್ನು ಕೊಂಡು ಕೆಡವಿಸಿದರು. ‘ತೆಂಕಣ ವಾರ್ತೆ’ ಎಂಬ ದಿನಪತ್ರಿಕೆಯ ಒಡೆಯರೂ ಸಂಪಾದಕರೂ ಅವರೇ. ಗಡಿಯ ಮೂಲೆಯ ಊರಿನಲ್ಲಿ ಹೊಸ ಕಾಲದ ಕಟ್ಟಡವೊಂದು ಏಳಬೇಕೆಂದು ಅವರಿಗೆ ಹಟ. ಅದಕ್ಕೆ ಅವರು ಕರೆತಂದದ್ದು ಶಿವರಾಮುವನ್ನು. ತೆರಕಣಾಂಬಿಯ ಕೇರಿಯ ಕೂಲಿಯವರ ಮಗ, ಮದ್ರಾಸಿನಲ್ಲಿ ಕಟ್ಟಡ ವಿನ್ಯಾಸ ಓದಿ ಬಂದವನು.

“ಕೇರಿಯ ಹುಡುಗನ ಕೈಯಲ್ಲಿ ನನ್ನ ಪತ್ರಿಕೆಯ ಮನೆ ಕಟ್ಟಿಸುತ್ತಿದ್ದೇನೆ,” ಎಂದು ಶಿವಮಲ್ಲಪ್ಪ ಸಭೆಗಳಲ್ಲಿ ಹೇಳಿದರು. ಹೇಳಿದ್ದನ್ನು ಮರುದಿನ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು.

ಕಂಬಕ್ಕೆ ಹೂವಿಲ್ಲ, ಬಾಗಿಲಿಗೆ ಕಮಾನಿಲ್ಲ, ಗೋಡೆಗೆ ಸುಣ್ಣವಿಲ್ಲ. ಕಾಂಕ್ರೀಟು ಅಚ್ಚಿನಿಂದ ಬಿಟ್ಟ ಹಾಗೆಯೇ ನಿಲ್ಲಬೇಕು ಎಂದಿದ್ದ ಶಿವರಾಮು. ರಸ್ತೆಯ ಕಡೆಗೆ ಒಂದು ಇಡೀ ಗೋಡೆಗೆ ಗಾಜು. ಬೀದಿಯಲ್ಲಿ ಹೋಗುವವರಿಗೆಲ್ಲ ಪೇಪರ್ ಅಚ್ಚಾಗುವುದು ಕಾಣಬೇಕು ಎಂದು ಅವನ ಆಸೆ.

ಊರು ಆ ಕಟ್ಟಡವನ್ನು ಒಂದು ದಿನವೂ ಪ್ರೀತಿಸಲಿಲ್ಲ.

“ಬೂದಿ ಡಬ್ಬ ಅಂತಿದ್ವು ಮೇಡಂ,” ಎಂದ ಹೆಡ್ ಕಾನ್‌ಸ್ಟೇಬಲ್ ಪುಟ್ಟಬಸಪ್ಪ. ಅವನು ಈ ಊರಿನವನೇ. “ನಾವು ಐಕ್ಳಾಗಿದ್ದಾಗ ಆ ಗಾಜಿಗೆ ಕಲ್ಲು ಒಡಿಯೋದೇ ಒಂದಾಟ. ಛತ್ರ ಒಡದ್ರಲ್ಲ, ದೊಡ್ಡೋರೂ ಬ್ಯಾಡ ಅಂತಿರ್ನಿಲ್ಲ. ಕೊನಿಗೆ ಸಾವ್ಕಾರ್ರು ಇಟ್ಟಿಗೆ ಇಟ್ಟು ಮುಚ್ಚುಸ್ಬುಟ್ರು.”

ಗಾಜು ಹೋದ ಮೇಲೆ ಒಳಗೆ ಗಾಳಿಯೂ ಹೋಯಿತು. ಬೇಸಿಗೆಯಲ್ಲಿ ಅಚ್ಚಿನ ಮೊಳೆ ಜೋಡಿಸುವವರು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕೂರುತ್ತಿದ್ದರು. ಮಳೆಗಾಲದಲ್ಲಿ ಸೂರು ಸೋರುತ್ತಿತ್ತು. ಮದುವೆಯ ಫೋಟೋ ತೆಗೆಸುವವರು ಆ ಕಟ್ಟಡ ಹಿಂದೆ ಬೀಳದ ಹಾಗೆ ನೋಡಿಕೊಂಡು ನಿಲ್ಲುತ್ತಿದ್ದರು.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಪಶ್ಚಿಮದ ಗೋಡೆಯಿಂದ ಹೊರಚಾಚಿದ್ದ ಕಾಂಕ್ರೀಟಿನ ಸಜ್ಜಾ ಕುಸಿಯಿತು. ಸೋರುವ ಕಡೆ ಗಾರೆ ಮೆತ್ತಲು ಬಂದಿದ್ದ ಕೂಲಿ ಹೆಂಗಸು ಚಿಕ್ಕನಿಂಗಮ್ಮ ಅದರಡಿ ಸಿಕ್ಕು ಅಲ್ಲೇ ಸತ್ತಳು.

ಮರುದಿನ ‘ತೆಂಕಣ ವಾರ್ತೆ’ಯ ಮುಖಪುಟದಲ್ಲಿ ಶಿವರಾಮುವಿನ ಫೋಟೋ ಬಂತು. ಸಾವಿಗೆ ಅವನ ಅರೆಬರೆ ವಿದ್ಯೆಯೇ ಕಾರಣ ಎಂದು ಬಂತು. ಅವನು ಇದ್ದ ಲಾಡ್ಜಿನ ಮುಂದೆ ಜನ ಸೇರಿದರು. ಆಮೇಲೆ ಎರಡು ದಿನ ಪತ್ರಿಕೆ ಬರಲಿಲ್ಲ; ಮೂರನೆಯ ದಿನ ‘ತಪ್ಪಿತಸ್ಥ ಪರಾರಿ’ ಎಂದು ಬಂತು.

ಎಲ್ಲರೂ ನಂಬಿದರು. ಗಂಡನಿಂದ ಒಂದು ಮಾತೂ ಬಾರದಿದ್ದಾಗ, ಮದುವೆಯಾಗಿ ಎರಡು ವರ್ಷವಾಗಿದ್ದ ಸುಂದ್ರಮ್ಮನೂ ಒಂದು ದಿನ ನಂಬಿದಳು.

ಪತ್ರಿಕೆ ಎಂಬತ್ತರ ದಶಕದ ಕೊನೆಗೆ ನಿಂತಿತು. ಕಟ್ಟಡಕ್ಕೆ ಬೀಗ ಬಿತ್ತು. ಈಗ ತೊಂಬತ್ತೇಳರಲ್ಲಿ ಚಾಮರಾಜನಗರ ಜಿಲ್ಲೆಯಾಗಿ, ಸರ್ಕಾರಿ ಕಚೇರಿಗಳಿಗೆ ಜಾಗ ಸಾಲದೆ, ಇದನ್ನೂ ಒಂದು ಕಚೇರಿಗೆ ಗೊತ್ತು ಮಾಡಿ ಒಡೆದು ಸರಿಪಡಿಸಲು ಶುರುಮಾಡಿದ್ದರು.

* * *

ಸುಂದ್ರಮ್ಮನನ್ನು ಬಸ್ಸು ಹತ್ತಿಸಲು ಪುಟ್ಟಬಸಪ್ಪ ಹೋದಾಗ ಶಶಿರೇಖಾ ಮೆಟ್ಟಿಲ ಕೆಳಗೆ ಒಬ್ಬಳೇ ನಿಂತಳು.

ಅರ್ಧ ಕೆಡವಿದ ಆ ಗೋಡೆಯಲ್ಲಿ ಅವಳಿಗೆ ಏನೋ ಸರಿಬರುತ್ತಿರಲಿಲ್ಲ. ಕಟ್ಟಡದ ಬೇರೆಲ್ಲ ಗೋಡೆಗಳ ಮೇಲೆ ಹಲಗೆಯ ಗುರುತುಗಳಿದ್ದವು. ಮರದ ಹಲಗೆಗಳ ನಡುವೆ ಕಾಂಕ್ರೀಟು ಸುರಿದಾಗ ಹಲಗೆಯ ಗೆರೆ, ಗಂಟು, ಮೊಳೆಯ ತಲೆ ಎಲ್ಲವೂ ಗೋಡೆಯ ಮೇಲೆ ಮೂಡಿ ಉಳಿದಿದ್ದವು. ಅಂಗೈ ಇಟ್ಟರೆ ಮರ ಮುಟ್ಟಿದಂತೆಯೇ ಅನಿಸುತ್ತಿತ್ತು.

ಈ ಗೋಡೆಯ ಮೇಲೂ ಗೆರೆಗಳಿದ್ದವು. ಆದರೆ ಒಂದು ಗಂಟಿರಲಿಲ್ಲ, ಒಂದು ಮೊಳೆಯ ತಲೆ ಇರಲಿಲ್ಲ. ಒಳಗಿದ್ದದ್ದು ಇಟ್ಟಿಗೆ. ಮೇಲೆ ಸಿಮೆಂಟು ಮೆತ್ತಿ, ಹಸಿಯಾಗಿದ್ದಾಗ ಕರಣೆಯ ತುದಿಯಿಂದ ಯಾರೋ ನಿಧಾನವಾಗಿ ಗೆರೆ ಎಳೆದಿದ್ದರು.

ಹೆಣವನ್ನು ಅವಸರದಲ್ಲಿ ಮುಚ್ಚಿಟ್ಟು ಓಡುವವನು ಗೆರೆ ಎಳೆಯುತ್ತ ಕೂರುವುದಿಲ್ಲ. ಇದು ಹಗಲು ಹೊತ್ತಿನ ಕೆಲಸ. ಬೆಳಕು ಬೇಕು, ಗಾರೆಯವನು ಬೇಕು, ಯಾಕೆಂದು ಯಾರೂ ಕೇಳದಷ್ಟು ಅಧಿಕಾರ ಬೇಕು.

ಅವಳು ಹೊರಗೆ ಬಂದು ಪಶ್ಚಿಮದ ಕಡೆಗೆ ನಡೆದಳು. ಉಳಿದಿದ್ದ ಸಜ್ಜಾಗಳನ್ನು ಕೂಲಿಯವರು ಒಡೆದು ರಾಶಿ ಹಾಕಿದ್ದರು. ಉತ್ತರದ ಸಜ್ಜಾದಿಂದ ಹೊರಬಂದಿದ್ದ ಕಬ್ಬಿಣದ ಸರಳು ಹೆಬ್ಬೆರಳ ದಪ್ಪ. ಅಂದು ಕುಸಿದಿದ್ದ ಪಶ್ಚಿಮದ ಸಜ್ಜಾದ ಬುಡದಲ್ಲಿ, ಗೋಡೆಯಿಂದ ಇನ್ನೂ ಚಾಚಿಕೊಂಡಿದ್ದ ಸರಳುಗಳು ಪೆನ್ಸಿಲಿನಷ್ಟೇ ಇದ್ದವು. ಅವೂ ಅಲ್ಲೊಂದು ಇಲ್ಲೊಂದು.

ಒಂದೇ ಕೈ ಬರೆದ ವಿನ್ಯಾಸದಲ್ಲಿ ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಪೆನ್ಸಿಲು ಹೇಗೆ ಬಂತು?

ಪುಟ್ಟಬಸಪ್ಪ ತಿರುಗಿ ಬಂದಾಗ ಅವಳು ಜೀಪಿನಲ್ಲಿ ಕೂತಾಗಿತ್ತು.

“ಎಲ್ಲಿಗೆ ಮೇಡಂ?”

“ಶಿವಮಲ್ಲಪ್ಪನವರ ಮನೆಗೆ.”

* * *

ಊರಿಗೆಲ್ಲ ಹೊಸ ಕಾಲ ತೋರಿಸಿದ ಶಿವಮಲ್ಲಪ್ಪನವರು ವಾಸವಿದ್ದದ್ದು ತೊಟ್ಟಿಮನೆಯಲ್ಲಿ. ತಂಪಾದ ಕೆಂಪು ನೆಲ, ಮರದ ಕಂಬಗಳು. ಎಪ್ಪತ್ತೈದು ದಾಟಿದ ಮನುಷ್ಯ ಬಿಳಿ ಜುಬ್ಬ ಹಾಕಿಕೊಂಡು ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

“ಬನ್ನಿ ತಾಯಿ. ನಮ್ಮ ಶಿವರಾಮುವಿನ ವಿಷಯ ಅಲ್ವಾ? ಪಾಪ. ಓಡಿಹೋದ ಅಂತಲೇ ಇಷ್ಟು ವರ್ಷ ತಿಳಿದಿದ್ವಿ.”

“ಮೂಳೆ ಅವರದ್ದು ಅಂತ ನಾನಿನ್ನೂ ಯಾರಿಗೂ ಹೇಳಿಲ್ಲ ಸರ್.”

ಮುದುಕರ ಕೈ ಕುರ್ಚಿಯ ಹಿಡಿಯ ಮೇಲೆ ಅಲುಗಾಡಲಿಲ್ಲ. “ಊರಲ್ಲಿ ಮಾತಾಡ್ತಾರೆ.”

“ಊರಲ್ಲಿ ಚಿಕ್ಕನಿಂಗಮ್ಮನ ಗಂಡ ಇರಬೇಕು, ಅವನೂ ಆಗಲೇ ಕಾಣೆಯಾದ ಅಂತಾರೆ, ಯಾರೋ ಭಿಕ್ಷುಕ ಅಂತಾರೆ. ಶಿವರಾಮು ಅಂತ ಅಂದವರು ನೀವೊಬ್ಬರೇ. ಮೆಟ್ಟಿಲ ಕೆಳಗೆ ಏನಿಡ್ತಿದ್ರಿ?”

“ಪೇಪರ್ ರೀಲುಗಳು.”

“ಆ ಗೋಡೆ ಯಾವಾಗ ಕಟ್ಟಿಸಿದ್ರಿ?”

“ಅದು ಮೊದಲಿಂದ ಇದ್ದದ್ದು.”

“ಇಲ್ಲ. ಮೊದಲಿನ ಗೋಡೆಗಳಿಗೆ ಹಲಗೆ ಇಟ್ಟಿದ್ದರು. ಇದಕ್ಕೆ ಹಲಗೆಯ ಹಾಗೆ ಗೆರೆ ಎಳೆಸಿದ್ದೀರಿ. ಯಾವ ಊರ ಗಾರೆಯವನು? ಕೈ ಚೆನ್ನಾಗಿದೆ.”

ಶಿವಮಲ್ಲಪ್ಪ ಜುಬ್ಬದ ತೋಳನ್ನು ಸರಿಮಾಡಿಕೊಂಡರು.

“ಪಶ್ಚಿಮದ ಸಜ್ಜಾದ ಸರಳನ್ನೂ ನೋಡಿ ಬಂದೆ ಸರ್. ಮಿಕ್ಕ ಕಡೆ ಇರೋದರ ಅರ್ಧವೂ ಇಲ್ಲ. ಅದನ್ನ ಶಿವರಾಮು ತೆಳ್ಳಗೆ ಮಾಡಿದರಾ, ನೀವಾ?”

ಒಳಗಿನಿಂದ ಯಾರೋ ಕಾಫಿ ತಂದಿಟ್ಟು ಹೋದರು. ಇಬ್ಬರೂ ಮುಟ್ಟಲಿಲ್ಲ.

“ಅವನು ಮದ್ರಾಸಿನಲ್ಲಿದ್ದ ಆ ವಾರ,” ಎಂದರು ಶಿವಮಲ್ಲಪ್ಪ ಕೊನೆಗೆ. ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಬೇಸರವೇ ಹೆಚ್ಚಿತ್ತು. “ಸಿಮೆಂಟು, ಕಬ್ಬಿಣ ಎರಡೂ ಸಿಗ್ತಿರಲಿಲ್ಲ. ಮಳೆ ಬರೋದರೊಳಗೆ ಮುಗೀಬೇಕಿತ್ತು. ಇದ್ದದ್ದು ಹಾಕಿ ಅಂದೆ. ಬಂದ ಮೇಲೆ ಅವನಿಗೆ ಹೇಳಲಿಲ್ಲ.”

“ಚಿಕ್ಕನಿಂಗಮ್ಮ ಸತ್ತ ಮೇಲೂ ಹೇಳಲಿಲ್ಲ. ಅವರ ಫೋಟೋ ಹಾಕಿದ್ರಿ.”

“ಪತ್ರಿಕೆ ಉಳೀಬೇಕಿತ್ತು.”

“ಅವರು ಸುಮ್ಮನಿರಲಿಲ್ಲ. ಸರಳು ನೋಡಿದರು. ಕೇಳೋಕೆ ಬಂದರು. ಕೊಂದಿರಿ.”

“ಇಲ್ಲ!” ಮೊದಲ ಸಲ ಆ ದನಿ ಏರಿತು. “ಕೊಂದದ್ದು ನಾನಲ್ಲ. ಫೋಟೋ ಬಂದ ದಿನ ಸಂಜೆ ನಾನು ಆಫೀಸಿಗೆ ಬಂದಾಗ ಅವನು ಸತ್ತಿದ್ದ. ಮೆಟ್ಟಿಲ ಕೆಳಗೆ ರೀಲು ಉರುಳಿ ತಲೆ ಮೇಲೆ ಬಿದ್ದಿತ್ತು. ಅಷ್ಟು ಭಾರದ ರೀಲು. ಮುಖ ಅನ್ನೋದೇ ಉಳಿದಿರಲಿಲ್ಲ.”

“ಮುಖ ಇಲ್ಲದೆ ಅವರೇ ಅಂತ ಹೇಗೆ ಗೊತ್ತಾಯ್ತು?”

“ಆ ಕೋಟು ಊರಲ್ಲಿ ಬೇರೆ ಯಾರ ಹತ್ರ ಇತ್ತು?”

“ರೀಲು ತಾನಾಗೇ ಉರುಳ್ತಾ?”

ಮುದುಕರು ಕಣ್ಣು ಮುಚ್ಚಿದರು. “ರೀಲು ಉರುಳದ ಹಾಗೆ ಅಡ್ಡ ಒಂದು ಮರದ ತುಂಡು ಕೊಡ್ತಿದ್ವಿ. ಅದು ಬಾಗಿಲ ಹತ್ರ ಬಿದ್ದಿತ್ತು. ಯಾರೋ ಕಿತ್ತಿದ್ದರು.”

“ಕೊಲೆ ಅಂತ ಗೊತ್ತಿತ್ತು. ಪೊಲೀಸರನ್ನ ಕರೀಲಿಲ್ಲ.”

“ಕರೆದಿದ್ದರೆ ಮೊದಲು ಏನು ಕೇಳ್ತಿದ್ದರು? ಇವನಿಗೂ ನಿಮಗೂ ಏನು ಜಗಳ ಅಂತ. ಆಮೇಲೆ ಸಜ್ಜಾ ಒಡೆದು ನೋಡ್ತಿದ್ದರು.” ಶಿವಮಲ್ಲಪ್ಪ ಅವಳ ಮುಖವನ್ನೇ ನೋಡಿದರು. “ಓಡಿಹೋದವನ ಮೇಲೆ ಎಲ್ಲ ಹೊರಿಸಬಹುದು ತಾಯಿ. ಸತ್ತು ಬಿದ್ದವನ ಮೇಲೆ ಹೊರಿಸೋಕಾಗಲ್ಲ. ಜನ ಅಯ್ಯೋ ಅಂತಾರೆ. ಮಿಷನ್ ಕೆಟ್ಟಿದೆ ಅಂತ ಆಫೀಸಿಗೆ ರಜ ಕೊಟ್ಟೆ. ಸೇಲಂ ಕಡೆಯ ಗಾರೆಯವನು. ಕಟ್ಟಿಸಿದೆ.”

“ಆಮೇಲೆ ‘ತಪ್ಪಿತಸ್ಥ ಪರಾರಿ’ ಅಂತ ಬರೆದವರು?”

“ನಾನೇ ಬರೆದೆ. ಅವತ್ತು ಬೇರೆ ಯಾರಿಗೂ ಕೊಡಲಿಲ್ಲ.”

ಶಶಿರೇಖಾ ಎದ್ದಳು. “ಆ ಹೆಣದ ಪಕ್ಕದಲ್ಲೇ ಕೂತು ಹದಿನೈದು ವರ್ಷ ಪೇಪರ್ ಮಾಡಿದಿರಿ.”

“ಅದಕ್ಕೇ ಆ ಕಟ್ಟಡ ಅಂದ್ರೆ ನನಗೆ ಆಗ್ತಿರಲಿಲ್ಲ,” ಎಂದರು ಶಿವಮಲ್ಲಪ್ಪ.

“ಪುಟ್ಟಬಸಪ್ಪ, ಸಾಹೇಬರಿಗೆ ಚಪ್ಪಲಿ ಕೊಡಿ. ಸ್ಟೇಷನ್ನಿಗೆ ಬರ್ತಾರೆ.”

* * *

ಸುದ್ದಿ ಮೈಸೂರಿನ ಪತ್ರಿಕೆಗಳಲ್ಲಿ ಬಂತು. ವಿನ್ಯಾಸದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ಸರಳಿನಲ್ಲಿ ಎಂದು ಬಂತು. ಶಿವರಾಮು ಓಡಿಹೋಗಿರಲಿಲ್ಲ ಎಂದೂ ಬಂತು. ಕೊಂದವರು ಯಾರೆಂದು ಮಾತ್ರ ಬರಲಿಲ್ಲ.

ಶಶಿರೇಖಾ ಅದನ್ನು ಹಿಡಿದುಕೊಂಡು ಗುಂಡ್ಲುಪೇಟೆಗೆ ಹೋಗಿ ತಾನೇ ಓದಿ ಹೇಳಿದಳು. ಸುಂದ್ರಮ್ಮ ಹುಳಿ ಕೊಳಗದಲ್ಲಿ ಸೌಟು ಬಿಟ್ಟು ಕೇಳಿಸಿಕೊಂಡಳು.

“ಇನ್ನೊಂದ್ಸಲ ಓದವ್ವ.”

ಇನ್ನೊಂದು ಸಲ ಓದಿದಳು.

ಮೂಳೆ ಮೈಸೂರಿನಲ್ಲಿದ್ದುದರಿಂದ ಮಣ್ಣು ಮಾಡಲು ಏನೂ ಇರಲಿಲ್ಲ. ಸುಂದ್ರಮ್ಮ ಆ ಗೋಡೆಯ ಬುಡದಿಂದ ಒಂದು ಹಿಡಿ ಮಣ್ಣು ಕೇಳಿ ಪಡೆದಳು. ತೆರಕಣಾಂಬಿಯ ಹೊಲದ ಬದುವಿನಲ್ಲಿ ಅದನ್ನೇ ಹೂತು ಹಾಲುತುಪ್ಪ ಬಿಟ್ಟರು.

ಅಷ್ಟು ವರ್ಷ ಅವಳನ್ನು ಮದುವೆ ಮನೆಗೆ ಕರೆಯದ ನೆಂಟರೆಲ್ಲ ಬಂದರು. ಓಡಿಹೋದವನ ಹೆಂಡತಿಯ ಕಾಲ್ಗುಣ ಸರಿಯಿಲ್ಲ ಎಂದಿದ್ದ ನಾದಿನಿ ಚಿಕ್ಕಬಸಮ್ಮ ಅವಳ ಕುತ್ತಿಗೆಗೆ ಬಿದ್ದು ಅತ್ತಳು. ಬಳೆ ಒಡೆದರು, ಕುಂಕುಮ ಒರೆಸಿದರು. ಸುಂದ್ರಮ್ಮ ಕೈಗಳನ್ನು ಮುಂದೆ ಚಾಚಿಕೊಂಡು ಅಲುಗಾಡದೆ ಕೂತಿದ್ದಳು.

ದೂರದಲ್ಲಿ ನಿಂತಿದ್ದ ಶಶಿರೇಖಾಳ ಹತ್ತಿರ ಆಮೇಲೆ ಅವಳು ತಾನೇ ಬಂದಳು.

“ನೋಡೋಕಾಗ್ನಿಲ್ಲ ಅಲ್ವಾ ನಿಮ್ಗೆ? ನಂಗೇನೂ ಆಗ್ನಿಲ್ಲ ಕಣವ್ವ. ಇಪ್ಪತ್ಮೂರು ವರ್ಸ ಓಡೋದೋನ ಎಂಡ್ತಿ ಅನ್ನುಸ್ಕಂಡೆ. ಈ ಕುಂಕ್ಮ ಇಟ್ಕಂಡು ಬೀದೀಲಿ ಓದ್ರೆ, ಯಾರ್ಗೆ ಇಟ್ಕಂಡಿದ್ದೀ ಅಂತ ನಕ್ಕವ್ರೆ. ಇವತ್ತಿಂದ ಸತ್ತೋನ ಎಂಡ್ತಿ. ಇದೇ ಮೇಲು.”

ಊಟಕ್ಕೆ ಎಲೆ ಹಾಕಿದರು. ಸುಂದ್ರಮ್ಮ ಪಂಕ್ತಿಯ ನಡುವೆ ಕೂತು ಹೊಟ್ಟೆ ತುಂಬ ಉಂಡಳು.

* * *

ಮರುವಾರ, ಕೇರಳದ ಸುಲ್ತಾನ್ ಬತ್ತೇರಿಯ ಬಸ್ಸಿನಲ್ಲಿ ಗಡಿಯ ಮದ್ದೂರು ಕಾಡಿನ ದಾರಿಯಾಗಿ ಬಂದು, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಒಬ್ಬ ಮನುಷ್ಯ ಚಾಮರಾಜನಗರದ ಸ್ಟೇಷನ್ನಿಗೆ ಬಂದ. ಬಿಳಿ ಮುಂಡು, ಅರ್ಧ ತೋಳಿನ ಅಂಗಿ, ಕೈಯಲ್ಲಿ ಕೊಡೆ. ವಯಸ್ಸು ಐವತ್ತರ ಮೇಲೆ.

“ಕನ್ನಡ ಮಾತಾಡಿ ಬಹಳ ಕಾಲ ಆಯ್ತು. ತಪ್ಪಾದ್ರೆ ಕ್ಷಮಿಸಬೇಕು,” ಎಂದು ಅವನು ಶಶಿರೇಖಾಳ ಎದುರು ನಿಂತೇ ಹೇಳಿದ. ಮಾತಿನ ತುದಿಯಲ್ಲಿ ಮಲಯಾಳದ ಎಳೆತವಿತ್ತು. “ಗೋಡೆ ಒಳಗೆ ಸಿಕ್ಕಿದ್ದು ನಾನಲ್ಲ.”

“ನೀವು ಅಂದ್ರೆ?”

“ಶಿವರಾಮು. ತೆರಕಣಾಂಬಿ.”

ಬಾಗಿಲಲ್ಲಿದ್ದ ಪುಟ್ಟಬಸಪ್ಪ ಹತ್ತಿರ ಬಂದ. ಶಶಿರೇಖಾ ಕುರ್ಚಿ ತೋರಿಸಿದಳು. ಹುಚ್ಚರು ಬರುತ್ತಾರೆ, ಪತ್ರಿಕೆಯಲ್ಲಿ ಹೆಸರು ಬಂದವರ ಹೆಸರು ಹೇಳಿಕೊಂಡು ಬರುತ್ತಾರೆ. ಅವಳು ಅವಸರ ಮಾಡಲಿಲ್ಲ.

“ಆ ಮೆಟ್ಟಿಲ ಕೆಳಗಿನ ಗೋಡೆ ಯಾಕೆ ಕಟ್ಟಿದ್ರಿ?”

“ನಾನು ಕಟ್ಟಲಿಲ್ಲ. ಅಲ್ಲಿ ಗೋಡೆಯೇ ಇರಲಿಲ್ಲ. ಖಾಲಿ ಬಿಟ್ಟಿದ್ದೆ.” ಅವನು ಅಂಗೈಯಿಂದ ಮೇಜಿನ ಮೇಲೆ ಆ ಜಾಗದ ಆಕಾರ ತೋರಿಸಿದ. “ಛತ್ರ ಹೋಯ್ತು ಅಂತ ಜನಕ್ಕೆ ಬೇಜಾರಿತ್ತು. ರೈಲು ತಪ್ಪಿದವರು ಮಲಗಲಿ ಅಂತ ಮೆಟ್ಟಿಲ ಕೆಳಗೆ ಒಂದು ಜಗಲಿ ಮಾಡಿದ್ದೆ. ಸಾಹುಕಾರರು ಅಲ್ಲಿ ರೀಲು ಇಟ್ಟರು.”

ಕೆಡವಿದ ಇಟ್ಟಿಗೆಗಳ ಹಿಂದೆ ಸೊಂಟದೆತ್ತರದ ಒಂದು ಕಟ್ಟೆ ಇದ್ದದ್ದು ಶಶಿರೇಖಾಗೆ ನೆನಪಾಯಿತು. ಅದು ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ.

“ಎಪ್ಪತ್ನಾಲ್ಕರಲ್ಲಿ ಎಲ್ಲಿಗೆ ಹೋದಿರಿ?”

“ಲಾಡ್ಜಿನ ಮುಂದೆ ಜನ ಸೇರಿದ್ರು. ಹಿಂದಿನ ಗೋಡೆ ಹಾರಿದೆ. ಒಂದು ಮರದ ಲಾರಿ ಸಿಕ್ತು, ಬತ್ತೇರಿಗೆ ಹೋಗ್ತಿತ್ತು. ಗುಂಡ್ಲುಪೇಟೇಲಿ ಸುಂದ್ರಿ ತವರುಮನೆ ಮುಂದೆನೇ ಹೋಯ್ತು. ಇಳೀಲಿಲ್ಲ. ಸ್ವಲ್ಪ ದಿನ ಬಿಟ್ಟು ಬಂದು ಕರಕೊಂಡು ಹೋಗೋಣ ಅಂದುಕೊಂಡೆ.”

“ಆಮೇಲೆ?”

“ಆಮೇಲೆ ಅಲ್ಲೇ ಮನೆಗಳ ಪ್ಲಾನ್ ಹಾಕಿಕೊಡೋಕೆ ಶುರು ಮಾಡಿದೆ. ಅಲ್ಲಿ ನನಗೊಬ್ಬಳು ಮಗಳಿದ್ದಾಳೆ.”

ಪುಟ್ಟಬಸಪ್ಪ ಬಾಯೊಳಗೇ ಏನೋ ಬೈದ.

“ಇಷ್ಟು ವರ್ಷ ಬಾರದವರು ಈಗ ಯಾಕೆ ಬಂದಿರಿ?”

ಅವನು ತಲೆ ತಗ್ಗಿಸಿದ. “ತಪ್ಪು ನಂದಲ್ಲ ಅಂತ ಪೇಪರಲ್ಲಿ ಬಂತಲ್ಲ ಮೇಡಂ. ಆ ಹೆಂಗಸು ನನ್ನಿಂದ ಸತ್ತಳು ಅಂತಲೇ ನಾನೂ ನಂಬಿದ್ದೆ. ಈಗ ಊರಿಗೆ ಮುಖ ತೋರಿಸಬಹುದು ಅನ್ನಿಸ್ತು.”

ಶಶಿರೇಖಾಗೆ ತೆರಕಣಾಂಬಿಯ ಬದುವಿನಲ್ಲಿ ಒಡೆದ ಬಳೆಗಳ ಸದ್ದು ಕೇಳಿದಂತಾಯಿತು. ಅವಳು ಮಾತು ಬದಲಿಸಿದಳು.

“ಹೆಣದ ಮೇಲೆ ನಿಮ್ಮ ಕೋಟು ಹೇಗೆ ಬಂತು?”

“ಆಫೀಸಿನಲ್ಲಿ ಬಿಟ್ಟು ಹೋಗಿದ್ದೆ. ಯಾರು ಹಾಕಿಕೊಂಡರು ಅಂತ ನನಗೆ ಗೊತ್ತು. ಅವರು ಯಾಕೆ ಅಲ್ಲಿಗೆ ಬಂದಿದ್ದರು ಅಂತಲೂ ಗೊತ್ತು.”

“ಹೆಸರು ಹೇಳಿ.”

“ಹೇಳ್ತೀನಿ. ಅದಕ್ಕೇ ಬಂದಿದ್ದೀನಿ. ಆದರೆ ಮೊದಲು ಸುಂದ್ರಿನ ಒಂದು ಸಲ ನೋಡಬೇಕು.”

ಗದರಿಸಿ ನೋಡಿದಳು. ಅವನು ಅದನ್ನೇ ಹೇಳಿದ.

* * *

ಜೀಪು ತೆರಕಣಾಂಬಿ ದಾಟುವಾಗ ಅವನು ಹೊರಗೆ ನೋಡದೆ ಕೊಡೆಯ ಹಿಡಿಯನ್ನೇ ನೋಡುತ್ತಿದ್ದ. ಮುಂದಿನ ಸೀಟಿನಲ್ಲಿ ಶಶಿರೇಖಾ ಲೆಕ್ಕ ಹಾಕುತ್ತಿದ್ದಳು. ಕಿತ್ತ ಮರದ ತುಂಡು. ಈತನ ಕೋಟಿನಲ್ಲಿ ಸತ್ತ ಇನ್ನೊಬ್ಬ. ಆತ ಸತ್ತ ದಿನವೇ ಗಡಿ ದಾಟಿದ ಈತ. ಹಿಂದೆ ಕೂತಿರುವವನು ಸಾಕ್ಷಿಯೋ, ಕೊಲೆಗಾರನೋ?

ಮಧ್ಯಾಹ್ನವಾಗಿತ್ತು. ಹುಡುಗರೆಲ್ಲ ಸ್ಕೂಲಿಗೆ ಹೋಗಿ ಹಾಸ್ಟೆಲ್ ಖಾಲಿಯಿತ್ತು. ಹಿತ್ತಲ ಹೊಂಗೆ ಮರದಡಿ ಸುಂದ್ರಮ್ಮ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಹಣೆ ಬೋಳಾಗಿತ್ತು.

ಹೆಜ್ಜೆ ಸದ್ದಿಗೆ ತಲೆಯೆತ್ತಿದಳು. ಶಶಿರೇಖಾಳನ್ನು ನೋಡಿದಳು. ಆಮೇಲೆ ಅವಳ ಹಿಂದಿದ್ದವನನ್ನು ನೋಡಿದಳು.

ಸುಂದ್ರಮ್ಮನ ಕೈ ತಾನಾಗಿಯೇ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ವಾರ್ಡನ್ನಿನ ಮುಂದಾಗಲಿ ಪೊಲೀಸರ ಮುಂದಾಗಲಿ ಅವಳು ತಲೆಗೆ ಸೆರಗು ಹಾಕಿದವಳಲ್ಲ. ಶಶಿರೇಖಾ ಅದನ್ನು ಕಂಡಳು. ಪುಟ್ಟಬಸಪ್ಪನೂ ಕಂಡ.

“ಸುಂದ್ರಮ್ಮನೋರೆ, ಇವರು ಯಾರು ಗೊತ್ತಾ?”

ಗಾಳಿಗೆ ಹೊಂಗೆಯ ಒಂದೆರಡು ಎಲೆ ಮೊರಕ್ಕೆ ಬಿದ್ದವು. ಸುಂದ್ರಮ್ಮ ಅವನ್ನು ಆರಿಸಿ ಆಚೆ ಹಾಕಿದಳು.

“ಗೊತ್ತಿಲ್ಲ ಕಣವ್ವ.”

“ಸರಿಯಾಗಿ ನೋಡಿ.”

“ನೋಡ್ದೆ. ನನ್ ಗಂಡ ಗೋಡೆ ಒಳಗಿದ್ರು. ಆಲುತುಪ್ಪ ಬುಟ್ಟಾಯ್ತು. ನೆಂಟ್ರಿಷ್ಟ್ರೆಲ್ಲ ಬಂದು ಉಂಡೂ ಆಯ್ತು.” ಒಂದು ಕಲ್ಲು ಆರಿಸಿ ಎಸೆದಳು. “ಇವ್ರು ಎಲ್ಗೋ ಓಡೋದೋರು ಇರ್ಬೇಕು. ಅಂಥೋರು ಯಾರೂ ನಂಗೆ ಗೊತ್ತಿಲ್ಲ.”

“ಸುಂದ್ರೀ,” ಎಂದ ಅವನು.

“ಮೇಡಮ್ಮೋರೆ, ಪರವೂರ ಗಂಡ್ಸು ನನ್ನ ಎಸ್ರಿಡಿದು ಕರೀಬಾರ್ದು ಅಂತ ಏಳಿ ಅವ್ರಿಗೆ.”

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಮೊರವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡು ಅವನಿಗೆ ಬೆನ್ನು ಹಾಕಿ ಕೂತಳು. ಅಕ್ಕಿಯ ಮೇಲೆ ಬೆರಳುಗಳು ಮತ್ತೆ ಓಡಾಡತೊಡಗಿದವು.

ಅವನು ಬಹಳ ಹೊತ್ತು ಆ ಬೆನ್ನನ್ನೇ ನೋಡಿದ. ಆಮೇಲೆ ಶಶಿರೇಖಾಳ ಕಡೆ ತಿರುಗಿದ.

“ತಪ್ಪಾಯ್ತು ಮೇಡಂ. ಆಯಮ್ಮ ಹೇಳಿದ್ದೇ ಸರಿ. ನಾನು ಶಿವರಾಮು ಅಲ್ಲ.”

“ಏನ್ರೀ ಇದು, ಆಟಾನಾ? ಸ್ಟೇಷನ್ನಲ್ಲಿ ಏನು ಹೇಳಿದ್ರಿ? ಗೋಡೆಯಲ್ಲಿದ್ದವನ ಹೆಸರು ಗೊತ್ತು ಅಂದಿರಲ್ಲ?”

“ಗೊತ್ತು.”

“ಹೇಳಿ!”

ಬೆನ್ನು ಹಾಕಿ ಕೂತಿದ್ದ ಸುಂದ್ರಮ್ಮನ ಕೈ ಅಕ್ಕಿಯಲ್ಲಿ ನಿಂತಿತು.

ಅವನು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗೇಟಿನ ಕಡೆ ನೋಡಿದ.

“ಆಯಮ್ಮನೇ ಹೇಳಿದರಲ್ಲ ಮೇಡಂ,” ಎಂದ. “ಶಿವರಾಮು.”